ಹುಸೇನವ್ವನ ಕೈಯ ಹಗ್ಗ

ನನಗೆ ಬಾಯಿ ಜಾಸ್ತಿ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಹಿಟ್ಟಿನ ಗಿರಣಿ ನಡೆಸುವವಳಿಗೆ ಬಾಯಿ ಜೋರಿಲ್ಲದಿದ್ದರೆ ನಡೆಯುವುದೂ ಇಲ್ಲ. ಮಷೀನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಈಗ ನಾನು ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತದೆ. ಆದರೆ ನಮ್ಮೂರಿನಲ್ಲಿ ಬಾಯಿ ಜೋರಿದ್ದವರಿಗೆ ಒಂದು ಫಜೀತಿ ಇದೆ. ಮನುಷ್ಯರ ಬಗ್ಗೆ ಮನಸಾರೆ ಒಂದು ಅಭಿಪ್ರಾಯ ಹೇಳಿದರೆ ಸಾಕು, ಕಾಲು ನೆಲ ಬಿಡುತ್ತದೆ.

ಬಿಸಿಲು ಜೋರು, ಸಾರಿಗೆ ಉಪ್ಪು ಕಡಿಮೆ ಎಂಬಂಥ ಮಾತಿಗೆ ಯಾರೂ ಏಳುವುದಿಲ್ಲ. ‘ಈ ಸಲ ಆ ಪಾರ್ಟಿ ಬಂದರೆ ದೇಶ ಮುಗಿಯಿತು’ ಎಂದರೆ ಒಂದು ಗೇಣು. ‘ಆ ಜಾತಿಯವರೆಲ್ಲ ಹಾಗೇ’ ಎಂದರೆ ಒಂದು ಆಳೆತ್ತರ. ಕೇಳಿದವರು ‘ಹೌದು ಹೌದು’ ಎಂದರೋ, ಅವರೂ ಎದ್ದು ಬರುತ್ತಾರೆ, ಇಬ್ಬರೂ ಕೂಡಿ ಇನ್ನೂ ಮೇಲೆ. ಎದುರಿಗೆ ನಿಂತು ಮುಖ ನೋಡಿ ‘ಇಲ್ಲ’ ಎಂದವರ ಮೈ ಮಾತ್ರ ಬೀಸುಕಲ್ಲಿನಷ್ಟು ಭಾರವಾಗುತ್ತದೆ. ಅದಕ್ಕೇ ನಮ್ಮೂರಿನಲ್ಲಿ ಮಾತುಗಾರರೆಲ್ಲ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ತಮ್ಮ ಮಾತು ಒಪ್ಪದವರ ಕೈಗೆ ಕೊಡುತ್ತಾರೆ. ಒಪ್ಪುವವರ ಕೈಗೆ ಕೊಟ್ಟರೆ ಇಬ್ಬರೂ ಹೋದ ಹಾಗೇ.

ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಹೋಟೆಲುಗಳಲ್ಲಿ ಸೀಲಿಂಗ್ ಫ್ಯಾನು ತೆಗೆದು ಟೇಬಲ್ ಫ್ಯಾನು ಇಟ್ಟು ಎಷ್ಟೋ ಕಾಲವಾಯಿತು. ಎಲ್ಲೋ ದೂರದ ಎರಡು ದೇಶಗಳು ಯುದ್ಧಕ್ಕೆ ನಿಂತ ವರ್ಷ ಕ್ಷೌರದಂಗಡಿಯ ಕುರ್ಚಿಗಳಿಗೆ ಬೆಲ್ಟು ಬಂತು. ಆ ದೇಶಗಳನ್ನು ನಕ್ಷೆಯಲ್ಲಿ ತೋರಿಸಿ ಎಂದರೆ ನಮ್ಮೂರಿನಲ್ಲಿ ಒಬ್ಬರಿಗೂ ಆಗುತ್ತಿರಲಿಲ್ಲ, ಆದರೂ ಅರ್ಧ ಗಡ್ಡ ಹೆರೆಸಿಕೊಂಡ ಗಂಡಸರು ಛಾವಣಿಗೆ ಅಂಟಿಕೊಂಡು ಬಾಂಬು ಎಲ್ಲಿ ಹಾಕಬೇಕೆಂದು ಹೇಳಿಕೊಡುತ್ತಿದ್ದರು. ಇನ್ನು ಮದುವೆಯ ಮಾತುಕತೆಯಲ್ಲಿ ಜಾತಕ ಕೂಡಬೇಕು, ಅಭಿಪ್ರಾಯ ಕೂಡಬಾರದು. ಹೋದ ವೈಶಾಖದಲ್ಲಿ ಪಟ್ಟಣಶೆಟ್ಟರ ಮಗಳೂ ಅಳಿಯನೂ ಮಂಟಪದಲ್ಲೇ ಮೀಸಲಾತಿಯ ಬಗ್ಗೆ ಒಂದೇ ಮಾತಾಡಿ ಪೆಂಡಾಲಿನ ಬಟ್ಟೆಗೆ ತಲೆ ಬಡಿದುಕೊಂಡರು. ನಾವೆಲ್ಲ ಅಕ್ಷತೆಯನ್ನು ಕೆಳಗಿನಿಂದ ಮೇಲಕ್ಕೆ ಎಸೆಯಬೇಕಾಯಿತು, ಅರ್ಧ ನಮ್ಮ ಕಣ್ಣಿಗೇ ಬಿತ್ತು.

ನಗಬೇಡಿ, ಇದರಲ್ಲಿ ಜೀವಭಯವೂ ಇದೆ. ನೀರಿನ ಟ್ಯಾಂಕಿಗಿಂತ ಮೇಲೆ ಹೋದವರನ್ನು ಗಾಳಿ ಎಳೆದುಕೊಂಡು ಹೋಗುತ್ತದೆ, ಅವರು ಮತ್ತೆ ಬರುವುದಿಲ್ಲ. ನಮ್ಮಪ್ಪ ಹಾಗೇ ಹೋದ. ಅವನ ಹಗ್ಗ ಹಿಡಿಯುತ್ತಿದ್ದ ಗೆಳೆಯ ಒಂದು ದಿನ ಇದ್ದಕ್ಕಿದ್ದಂತೆ ‘ನೀ ಹೇಳೂದು ಖರೇ ಅನಸ್ತೈತಿ’ ಎಂದುಬಿಟ್ಟ. ಇಬ್ಬರೂ ಕೈ ಕೈ ಹಿಡಿದುಕೊಂಡು, ಭಾರಿ ಖುಷಿಯಿಂದ, ಟ್ಯಾಂಕು ದಾಟಿ ಹೋದರು. ಆಗ ನನ್ನ ತಮ್ಮ ಶಿವಪುತ್ರನಿಗೆ ನಾಲ್ಕು ವರ್ಷ. ಅವನನ್ನು ಹಿಟ್ಟಿನ ಧೂಳಿನಲ್ಲೇ ನಾನು ದೊಡ್ಡವನನ್ನಾಗಿ ಮಾಡಿದೆ.

ನನ್ನ ಹಗ್ಗ ಹಿಡಿಯುತ್ತಿದ್ದವಳು ಹುಸೇನವ್ವ. ನನ್ನ ಗಿರಣಿಯ ಎದುರಿಗೇ ಅವಳ ಹತ್ತಿ ಗಾದಿಯ ಅಂಗಡಿ. ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತ ಕೂಡಲೇ ನಾನು ಹಗ್ಗದ ತುದಿಯನ್ನು ಅವಳತ್ತ ಎಸೆಯುತ್ತಿದ್ದೆ. ಅವಳು ಅದನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ಗಾದಿ ಹೊಲಿಯುವುದನ್ನು ಮುಂದುವರಿಸುತ್ತಿದ್ದಳು. ಮೂವತ್ತು ವರ್ಷ ಇದೇ ನಡೆಯಿತು. ಅವಳು ನನ್ನ ಒಂದು ಮಾತನ್ನಾದರೂ ಒಪ್ಪಿದ್ದು ನನಗೆ ನೆನಪಿಲ್ಲ, ಅಂಥ ಗೆಳತಿ ಸಿಗಬೇಕಾದರೆ ಪುಣ್ಯ ಮಾಡಿರಬೇಕು.

"ನಿಮ್ಮ ಮಂದಿ ಕಾಯ್ದೆ ಕಾನೂನು ಪಾಲಸೂದ ಇಲ್ಲ ನೋಡ್ವಾ," ಎಂದು ನಾನು ಶುರು ಮಾಡುತ್ತಿದ್ದೆ. ಹೇಳುತ್ತಿದ್ದಂತೆ ಅಂಗಡಿಯ ಬೋರ್ಡಿನ ಮಟ್ಟಕ್ಕೆ ಏರಿರುತ್ತಿದ್ದೆ.

"ಯಾರು? ಹೆಸರ ಹೇಳು," ಎನ್ನುತ್ತಿದ್ದಳು ಹುಸೇನವ್ವ, ಸೂಜಿಯಿಂದ ಕಣ್ಣು ತೆಗೆಯದೆ.

"ಎಲ್ಲಾರೂ."

"ಎಲ್ಲಾರೂ ಅಂತ ನಮ್ಮ ಓಣ್ಯಾಗ ಯಾರಿಗೂ ಹೆಸರಿಟ್ಟಿಲ್ಲವಾ. ಒಂದ ಹೆಸರ ಹೇಳು."

ನಾನು ಮೇಲಿನಿಂದ ಹೆಸರು ಹುಡುಕುತ್ತಿದ್ದೆ. ಹುಸೇನವ್ವನ ಗಂಡ ಮೌಲಾಸಾಬ ಸಿಗ್ನಲ್ಲು ಕೆಟ್ಟು ಕೆಂಪಗೇ ನಿಂತಿದ್ದರೂ ಸೈಕಲ್ಲಿನಿಂದ ಇಳಿದು, ಪೊಲೀಸರು ಬಂದು ಹೋಗು ಅನ್ನುವವರೆಗೆ ನಿಲ್ಲುವ ಪ್ರಾಣಿ. ಅವನ ಹೆಸರು ಹೇಳುವಂತಿಲ್ಲ. ಮತ್ತೆ ಯಾರು? ಹೆಸರು ಹೊಳೆಯುತ್ತಿರಲಿಲ್ಲ, ನಾನು ಜರ್ರನೆ ಇಳಿದು ಕಟ್ಟೆಯ ಮೇಲೆ ಕೂರುತ್ತಿದ್ದೆ. ಆಮೇಲೆ ಅವಳ ಪಾಳಿ, ಹಗ್ಗ ನನ್ನ ಕೈಗೆ.

ಒಂದು ದಿನ ಅವಳು, "ನಿಮ್ಮ ಮಂದಿ ನಮ್ಮನ್ನ ಒಳಗ ಕರದು ಚಾ ಕುಡಸಂಗಿಲ್ಲ. ಹೊರಗ ಕಟ್ಟೀ ಮ್ಯಾಲೇ ಕೊಡ್ತಾರ," ಎಂದಳು.

"ಯಾರು? ಹೆಸರ ಹೇಳು!" ಎಂದೆ ನಾನು, ಈಗ ಸಿಕ್ಕಿದಳು ಎಂದುಕೊಂಡು.

"ನೀಲವ್ವ," ಎಂದಳು. ನನ್ನ ಹೆಸರು.

ಕಂಡದ್ದನ್ನು ಹೆಸರು ಹಿಡಿದು ಹೇಳಿದ್ದಳು, ಅವಳ ಕಾಲು ನೆಲ ಬಿಡಲೇ ಇಲ್ಲ. ನಾನು ಹಗ್ಗ ಹಿಡಿದು ದಡ್ಡಿಯ ಹಾಗೆ ನಿಂತಿದ್ದೆ. ಮರುದಿನದಿಂದ ಚಹಾ ಒಳಗೇ, ನನ್ನ ಅಡಿಗೆಮನೆಯಲ್ಲಿ. ಮೊದಲ ದಿನ ಗಡಿಬಿಡಿಯಲ್ಲಿ ಅವಳ ಸೀರೆಯ ಮೇಲೆ ಚೆಲ್ಲಿದೆ, ಅದಕ್ಕೂ ಅವಳು ಒಂದು ವಾರ ಜಗಳ ತೆಗೆದಳು.

ಇಷ್ಟು ಚಂದ ಇದ್ದದ್ದಕ್ಕೆ ಕಲ್ಲು ಹಾಕಿದವನು ನನ್ನ ತಮ್ಮನೇ. ಶಿವಪುತ್ರನಿಗೆ ಬಸ್ ಸ್ಟ್ಯಾಂಡಿನಲ್ಲಿ ಮೊಬೈಲ್ ಅಂಗಡಿ. ದಿನವಿಡೀ ಅದೇ ಮೊಬೈಲಿನಲ್ಲಿ ಏನೇನೋ ನೋಡಿ, ಸಂಜೆ ನನ್ನ ಗಿರಣಿಗೆ ಬಂದು ಕೂರುತ್ತಿದ್ದ. ಹೋದ ಯುಗಾದಿಯ ನಂತರ ಅವನು ‘ಸ್ವಂತ ಹಗ್ಗ ಸಮಿತಿ’ ಎಂದು ಒಂದನ್ನು ಕಟ್ಟಿದ, ತಾನೇ ಅಧ್ಯಕ್ಷನಾದ.

"ಅಕ್ಕಾ, ನಮ್ಮ ಮಂದೀ ಜೀವಾ ಅವರ ಕೈಯಾಗ ಯಾಕ ಇರಬೇಕು?" ಎಂದ. "ಒಂದ ದಿನ ಅವರೆಲ್ಲಾ ಕೂಡಿ ಕೈ ಬಿಟ್ಟರಂದ್ರ? ನಮ್ಮ ಹಗ್ಗಾ ನಮ್ಮವರೇ ಹಿಡೀಬೇಕು."

"ನಮ್ಮವರು ಹೌದು ಹೌದು ಅಂತಾರಲ್ಲೊ, ತೇಲಿ ಹೋಗಂಗಿಲ್ಲೇನು?"

"ಒಬ್ಬಿಬ್ಬರಿದ್ರ ತೇಲ್ತಾರ. ಇನ್ನೂರು ಮಂದಿ ಒಂದ ಹಗ್ಗಕ್ಕ ಕಟಗೊಂಡ್ರ? ಇನ್ನೂರು ಮಂದೀ ಭಾರ ಎಷ್ಟಾತು, ಲೆಕ್ಕಾ ಹಾಕು."

ಲೆಕ್ಕ ಸರಿಯೇ ಅನ್ನಿಸಿತು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯೂ ಆಯಿತು. ಅಪ್ಪ ಟ್ಯಾಂಕು ದಾಟಿದ್ದು ಕಣ್ಣಿಗೆ ಕಟ್ಟಿತು. ಹುಸೇನವ್ವ ಬಿಟ್ಟರೆ? ಎಂಬ ಮಾತು ಒಮ್ಮೆ ಕಿವಿಗೆ ಬಿದ್ದ ಮೇಲೆ ಅವಳು ಸೂಜಿಗೆ ದಾರ ಪೋಣಿಸಲು ಹಗ್ಗವನ್ನು ಎಡಗೈಗೆ ಬದಲಿಸಿದರೂ ನನ್ನ ಎದೆ ಧಸಕ್ಕೆನ್ನತೊಡಗಿತು. ಮೂವತ್ತು ವರ್ಷ ಬದಲಿಸಿದ್ದಾಳೆ, ಆಗೆಲ್ಲ ನಾನು ನೋಡಿಯೂ ಇರಲಿಲ್ಲ.

ಒಂದು ಬೆಳಿಗ್ಗೆ ಹೋಗಿ, "ಹುಸೇನವ್ವಾ, ನನ್ನ ಹಗ್ಗಾ ಕೊಡವಾ. ಕಾಲ ಕೆಟ್ಟೈತಿ. ಇನ್ನ ಮ್ಯಾಲೆ ನಮ್ಮ ಸಮಿತಿಯವರೇ ಹಿಡೀತಾರ," ಎಂದೆ.

ಅವಳು ವಾದ ಮಾಡುತ್ತಾಳೆ, ಬೈಯುತ್ತಾಳೆ, ‘ಯಾರು ಬಿಟ್ಟಾರ, ಹೆಸರ ಹೇಳು’ ಎನ್ನುತ್ತಾಳೆ ಎಂದು ನಾನು ಸೆರಗು ಕಟ್ಟಿಕೊಂಡು ತಯಾರಾಗಿ ಹೋಗಿದ್ದೆ. ಅವಳು ಸೂಜಿ ಕೆಳಗಿಟ್ಟಳು. ಮೂಲೆಯಲ್ಲಿದ್ದ ಹಗ್ಗವನ್ನು ತೆಗೆದು, ಸಿಕ್ಕು ಬಿಡಿಸಿ, ನೀಟಾಗಿ ಸುತ್ತಿ ನನ್ನ ಕೈಗಿಟ್ಟಳು. ನಾನು ಅದನ್ನು ಮಡಿಲಲ್ಲಿ ಸಿಕ್ಕಿಸಿಕೊಂಡು ಹೊರಬಂದೆ.

ಅವರ ಮಂದಿಯಲ್ಲೂ ಒಂದು ಹಗ್ಗದ ಕಮಿಟಿ ಹುಟ್ಟಿಕೊಂಡಿತ್ತು, ಮಾತು ಥೇಟ್ ನಮ್ಮ ಶಿವಪುತ್ರನದೇ. ನಮಗಿಂತ ಎರಡು ದಿನ ಮೊದಲೇ ಅವರು ಸಭೆ ಮಾಡಿ, ಎಲ್ಲರೂ ಕೂಡಿ ಒಂದೇ ಮಾತು ಕೂಗಿ, ಹನ್ನೊಂದು ಜನ ಸಿನಿಮಾ ಥಿಯೇಟರಿನ ಬೋರ್ಡಿಗೆ ಸಿಕ್ಕಿಕೊಂಡರು. ಬೆಂಕಿ ಆರಿಸುವ ಗಾಡಿಯವರು ಬಂದು ಇಳಿಸಿದರು. ಹುಸೇನವ್ವ ಆ ಸಭೆಗೆ ಹೋಗಿರಲಿಲ್ಲವಂತೆ. ‘ಎಲ್ಲಾರೂ ಹೌದು ಅನ್ನಾವ್ರ ಇದ್ದಲ್ಲೆ ನನಗೇನು ಕೆಲಸ’ ಎಂದಳಂತೆ. ಅವರು ಸಿಕ್ಕಿಬಿದ್ದದ್ದು ನೋಡಿ ನಮ್ಮವರಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ‘ಅವರ ಹಗ್ಗ ತೆಳು, ನಮ್ಮದು ದಪ್ಪ’ ಎಂದು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ರವಿವಾರ ಹನ್ನೊಂದು ಗಂಟೆಗೆ ಶಾಲೆಯ ಮೈದಾನದಲ್ಲಿ ನಮ್ಮ ಸಭೆ. ಇನ್ನೂರು ಮಂದಿಯ ಸೊಂಟ ಒಂದೇ ಹಗ್ಗಕ್ಕೆ. ಮುಂದಿನ ತುದಿಯಲ್ಲಿ ಶಿವಪುತ್ರ, ಹಿಂದಿನ ತುದಿಯಲ್ಲಿ ನಾನು, ಮೈ ತೂಕ ಇದ್ದವಳು ಎಂಬ ಗೌರವಕ್ಕೆ. ಹಗ್ಗದ ಕೊನೆಯನ್ನು ಶಾಲೆಯ ಕಬ್ಬಿಣದ ಗೇಟಿಗೆ ಬಿಗಿದಿದ್ದರು. ಶಿವಪುತ್ರ ಮೈಕು ಹಿಡಿದು, "ಅವರ ಕೈ ನಂಬಬ್ಯಾಡ್ರಿ! ಅವರು ಬಿಡ್ತಾರ!" ಎಂದ. "ಬಿಡ್ತಾರ! ಬಿಡ್ತಾರ!" ಎಂದೆವು ನಾವು.

ಅಯ್ಯೋ, ಆ ಸುಖವನ್ನು ಹೆಂಗೆ ಹೇಳಲಿ! ಇನ್ನೂರು ಬಾಯಿ, ಒಂದೇ ಮಾತು. ಯಾರೂ ಹೆಸರು ಕೇಳುವವರಿಲ್ಲ, ಯಾರೂ ಇಲ್ಲ ಅನ್ನುವವರಿಲ್ಲ. ಮೈಯಲ್ಲಿ ಮೂಳೆಯೇ ಇಲ್ಲವೇನೋ ಅನ್ನಿಸಿತು. ಮೊಣಕಾಲು ನೋವು ಹೋಯಿತು. ಪಕ್ಕದಲ್ಲಿದ್ದ ಪೋಸ್ಟ್ ಮಾಸ್ತರರು, ಜೀವಮಾನದಲ್ಲಿ ದನಿ ಎತ್ತದ ಮನುಷ್ಯ, ಕಣ್ಣಲ್ಲಿ ನೀರು ತುಂಬಿಕೊಂಡು "ಬಿಡ್ತಾರ!" ಎಂದು ಕಿರುಚುತ್ತಿದ್ದರು. ನಾನು ಹದಿನಾರರ ಹುಡುಗಿಯ ಹಾಗೆ ಕೇಕೆ ಹಾಕಿದೆ. ನೋಡಿದರೆ ಮೈದಾನ ಕೆಳಗಿತ್ತು. ನಾವು ಮೆಣಸಿನಕಾಯಿ ಸರದ ಹಾಗೆ ಬಾನಿಗೆ ಜೋತುಬಿದ್ದಿದ್ದೆವು, ಗೇಟು ಕಿತ್ತುಕೊಂಡು ನಮ್ಮ ಹಿಂದೆಯೇ ಬರುತ್ತಿತ್ತು.

ಗಾಳಿ ನಮ್ಮನ್ನು ಬಜಾರದ ಮೇಲಿಂದ ನಮ್ಮ ಓಣಿಯ ಕಡೆ ತಂದಿತು. ಮುಂದೆ, ಹಗ್ಗದ ತುದಿಯಲ್ಲಿ, ಶಿವಪುತ್ರ ಆಗಲೇ ಟ್ಯಾಂಕಿನ ಕುತ್ತಿಗೆಯ ಮಟ್ಟಕ್ಕೆ ಏರಿದ್ದ. ಅಲ್ಲಿಗೆ ನನ್ನ ಅಮಲು ಇಳಿಯಿತು. ಇನ್ನು ಎರಡು ಆಳು ಏರಿದರೆ ನಾನು ಸಾಕಿದ ಕೂಸು ಅಪ್ಪ ಹೋದ ದಾರಿಯಲ್ಲೇ ಹೋಗುತ್ತಾನೆ. "ಶಿವ್ಯಾ, ಒದರೂದು ನಿಲ್ಲಸೊ!" ಎಂದು ಕೂಗಿದೆ. ಇನ್ನೂರು ಬಾಯಿಯ ಮುಂದೆ ನನ್ನ ಗಿರಣಿಯ ಗಂಟಲೂ ನಡೆಯಲಿಲ್ಲ.

ಕೆಳಗೆ ಹುಸೇನವ್ವ ತನ್ನ ಮಾಳಿಗೆಯ ಮೇಲೆ ಗಾದಿಯ ಹತ್ತಿ ಒಣಹಾಕುತ್ತಿದ್ದಳು. ಗೇಟು ಅವಳ ತಲೆಯ ಮೇಲೇ ಹಾದು ಹೋಗುವುದರಲ್ಲಿತ್ತು.

"ಹುಸೇನವ್ವಾ! ಗೇಟು ಹಿಡಿಯೇ! ನನ್ನ ತಮ್ಮ ಹೊಂಟ!"

ಅವಳು ಹಿಂದೆ ಮುಂದೆ ನೋಡಲಿಲ್ಲ, ಹಾರಿ ಎರಡೂ ಕೈಯಿಂದ ಗೇಟು ಹಿಡಿದಳು. ಹಗ್ಗ ಜಗ್ಗಿ ನಿಂತಿತು. ಇನ್ನು ಅವಳು ನಮ್ಮನ್ನು ನೋಡಿ ಒಂದೇ ಒಂದು ಸಲ ‘ಇಲ್ಲ’ ಎಂದರೆ ನಾವು ಉಳಿದೆವು. ಅವಳು ಮುಖ ಎತ್ತಿ ಕಿವಿಗೊಟ್ಟು ಕೇಳಿದಳು.

"ಏನಂತ ಒದರಾಕತ್ತೀರಿ ಎಲ್ಲಾರೂ?"

ನನಗೆ ನಾಚಿಕೆಯಾಯಿತು. ಆದರೂ ಹೇಳಿದೆ. "ನೀವು ಬಿಡ್ತೀರಿ ಅಂತ."

"ಹೌದಾ?" ಎಂದಳು ಹುಸೇನವ್ವ. ಅವಳ ಮುಖ ಸಣ್ಣದಾಯಿತು. "ಹಂಗಾರ ಖರೇ ಐತಿ ತಗೊ. ಬಿಡ್ತೀವಿ. ನಾನೂ ಬಿಡ್ತೀನಿ."

ಒಪ್ಪಿಬಿಟ್ಟಳು! ಮೂವತ್ತು ವರ್ಷದಲ್ಲಿ ಮೊದಲ ಸಲ ಒಪ್ಪಿದಳು, ಅದೂ ಈಗ! ಅವಳ ಹಿಮ್ಮಡಿ ಮಾಳಿಗೆ ಬಿಟ್ಟಿತು. ಗೇಟು ಸಮೇತ ಒಂದು ಮೊಳ ಮೇಲೆದ್ದಳು. ನಮ್ಮ ಸರವೂ ಒಂದು ಮೊಳ ಏರಿತು.

"ಏ, ಬಿಡಂಗಿಲ್ಲ ನೀ!" ಎಂದೆ.

"ಬಿಡ್ತೀನಿ. ನಿಮ್ಮ ಮಂದಿಯೆಲ್ಲಾ ಹೇಳಾಕತ್ತಾರಲ್ಲ."

"ನಮ್ಮ ಮಂದಿಗೇನು ಗೊತ್ತೈತಿ, ಮಣ್ಣು! ನೀ ಬಿಡಂಗಿಲ್ಲ ಅಂದ್ರ ಬಿಡಂಗಿಲ್ಲ!"

"ನನ್ನ ಕೈ, ನನ್ನ ಖುಷಿ. ಬಿಡ್ತೀನಿ!"

"ಯಾವಾಗ ಬಿಟ್ಟೀ? ದಿನಾ ಹೇಳು! ವಾರ ಹೇಳು!" ಸಿಟ್ಟು ನೆತ್ತಿಗೇರಿತು, ಇಷ್ಟು ಸಿಟ್ಟು ನನಗೆ ಯಾವ ಸರಕಾರದ ಮೇಲೂ ಬಂದಿರಲಿಲ್ಲ. "ನಿನ್ನ ಮಗಳಿಗೆ ಬ್ಯಾನಿ ಎದ್ದ ದಿನಾ ನಾ ಮ್ಯಾಲಿದ್ನೆಲ್ಲ! ದವಾಖಾನಿಗೆ ಓಡೂ ಹೊತ್ತಿನಾಗ ಹಗ್ಗಾ ಬಿಟ್ಟು ಹೋಗಬೇಕಿತ್ತಿಲ್ಲ? ಆಟೋದ ಸರಳಿಗೆ ಕಟ್ಟಿ ನನ್ನ ತೇಲಿಸ್ಕೋತ ಕರಕೊಂಡ ಹೋದೆಲ್ಲ! ದಾರೀ ತುಂಬ ಎಲೆಕ್ಷನ್ನಿನ ಜಗಳಾ ಮಾಡ್ಕೋತ ಹೋದಿವೆಲ್ಲ! ಮೊಮ್ಮಗಳು ಹುಟ್ಟಿದ್ದು ನಾ ಕಿಡಿಕ್ಯಾಗಿಂದ ನೋಡಿ ನಿನಗ ಹೇಳಿದ್ದು! ಅಂಥಾಕಿ ಈಗ ಬಿಡ್ತಾಳಂತ, ಬಿಡ್ತಾಳ! ಬಿಡು ನೋಡೂಣು!"

ಹೇಳುತ್ತಿದ್ದಂತೆ ನನ್ನ ಮೈ ಭಾರವಾಯಿತು. ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ಈ ದೊಡ್ಡ ಬಾಯಿ. ಮೊಣಕಾಲು ನೋವು ಮರಳಿ ಬಂತು. ನಾನು ಧಪ್ಪೆಂದು ಅವಳ ಹತ್ತಿಯ ರಾಶಿಯ ಮೇಲೆ ಬಿದ್ದೆ, ಗೇಟು ಸಮೇತ ಅವಳೂ ಮಾಳಿಗೆಗೆ ಇಳಿದಳು, ನನ್ನ ಹಿಂದೆ ಹಗ್ಗ ಸರಸರನೆ ಇಳಿಯಿತು. ಮೇಲೆ ಕೂಗು ನಿಂತಿತ್ತು. ಎಲ್ಲರೂ ನಮ್ಮ ಜಗಳ ಕೇಳುತ್ತಿದ್ದರು.

"ಖರೇನಾ ನೀಲಕ್ಕಾ? ಆಟೋದ ಮ್ಯಾಲೆ?" ಎಂದರು ಪೋಸ್ಟ್ ಮಾಸ್ತರರು. ಅನುಮಾನ ಬಂದ ಕೂಡಲೇ ಅವರು ಇಳಿದು ತುಳಸಿ ಕಟ್ಟೆಯ ಮೇಲೆ ಕೂತರು. "ನನ್ನ ಹಗ್ಗಾ ಹಿಡೀತಿದ್ದ ರಾಜೇಸಾಬನೂ ಎಂದೂ ಬಿಟ್ಟಿದ್ದಿಲ್ಲರೀ ಮತ್ತ," ಎಂದರು ಇನ್ನೊಬ್ಬರು, ಅವರೂ ಇಳಿದರು. ಆಮೇಲೆ ಮಾವಿನಹಣ್ಣು ಉದುರಿದ ಹಾಗೆ ಓಣಿಯ ತುಂಬ ಜನ. ಯಾರದೋ ಎಮ್ಮೆಯ ಮೇಲೆ ಇಬ್ಬರು ಕೂತಿದ್ದರು. ಕೊನೆಗೆ, ಎಲ್ಲರ ಭಾರಕ್ಕೆ ಎಳೆಸಿಕೊಂಡು, ಶಿವಪುತ್ರ ನನ್ನ ಗಿರಣಿಯ ತಗಡಿನ ಮೇಲೆ ದಢಾರನೆ ಬಿದ್ದ. ಬಿದ್ದವನು ಕೈ ಕಾಲು ಮುಟ್ಟಿ ನೋಡಿಕೊಂಡು, "ನಾ ಹೇಳಿದ್ರಾಗ ತಪ್ಪೇನೂ ಇಲ್ಲ!" ಎಂದ. ಅದನ್ನು ಒಪ್ಪುವವರು ಈಗ ಓಣಿಯಲ್ಲಿ ಯಾರೂ ಇರಲಿಲ್ಲ. ಅವನು ತಗಡಿನ ಮೇಲಿಂದ ಇಳಿದು ಕುಂಟುತ್ತ ಹುಸೇನವ್ವನ ಮಾಳಿಗೆಗೆ ಬಂದ, ನನ್ನನ್ನು ಬೈಯಲಿಕ್ಕೆ.

ನಾನು ಅವನ ಕಡೆ ನೋಡಲಿಲ್ಲ. ಸೊಂಟದ ಗಂಟು ಬಿಚ್ಚಿ ಸಮಿತಿಯ ಹಗ್ಗವನ್ನು ಅತ್ತ ಎಸೆದೆ. ಮಡಿಲಲ್ಲಿ ಸಿಕ್ಕಿಸಿಕೊಂಡಿದ್ದ ನನ್ನ ಹಳೆಯ ಹಗ್ಗವನ್ನು ಸೊಂಟಕ್ಕೆ ಕಟ್ಟಿ, ತುದಿಯನ್ನು ಹುಸೇನವ್ವನ ಕೈಗೆ ಕೊಡಹೋದೆ. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು. ಅವಳ ಕಣ್ಣು ತುಂಬಿತ್ತು. ನನ್ನ ಬಾಯಿಗೆ ಮೂವತ್ತು ವರ್ಷದಲ್ಲಿ ಬಾರದ ಮಾತು ಬಂತು.

"ತಪ್ಪ ಮಾಡಿದ್ನವಾ," ಎಂದೆ. "ನಿನ್ನ ಕೈ ನಂಬಲಿಲ್ಲ. ಭಾಳ ದೊಡ್ಡ ತಪ್ಪ ಮಾಡಿದೆ."

"ಹೂಂ," ಎಂದಳು ಹುಸೇನವ್ವ, ಮೂಗು ಒರೆಸಿಕೊಳ್ಳುತ್ತ. "ಭಾಳ ದೊಡ್ಡ ತಪ್ಪು."

ಇಬ್ಬರೂ ಎದ್ದೆವು! ಇಬ್ಬರೂ ಮನಸಾರೆ ಒಪ್ಪಿದ ಮೊದಲ ಮಾತು ಅದು. ಮೂವತ್ತು ವರ್ಷದ ಬಾಕಿ ಒಪ್ಪಿಗೆಯೆಲ್ಲ ಅದರಲ್ಲೇ ಸೇರಿತ್ತೋ ಏನೋ, ರಪ್ಪನೆ ಎರಡು ಆಳೆತ್ತರಕ್ಕೆ ಹೋದೆವು. ಅವಳು "ಯಾ ಅಲ್ಲಾ!" ಎಂದು ನನ್ನ ಕುತ್ತಿಗೆಗೆ ಜೋತುಬಿದ್ದಳು, ನಾನು "ಯವ್ವಾ ಯವ್ವಾ!" ಎಂದು ಅವಳ ಸೊಂಟ ಹಿಡಿದೆ. ನನ್ನ ಹಗ್ಗ ಕೆಳಗೆ ಬಾಲದ ಹಾಗೆ ಆಡುತ್ತಿತ್ತು. ಕೆಳಗೆ ನಿಂತವರು ಓಡಿ ಬಂದರು. ಆದರೆ ನೋಡಿ, ಎಲ್ಲರೂ "ಹೌದ್ರೀ, ತಪ್ಪಾತು, ನಮ್ಮದೂ ತಪ್ಪಾತು" ಎನ್ನುತ್ತ ಬಂದರು, ಹಗ್ಗ ಮುಟ್ಟಿದ ಕೂಡಲೇ ಒಬ್ಬೊಬ್ಬರೂ ಕಾಲು ಬಿಟ್ಟು ಏಳತೊಡಗಿದರು. ಹಿಡಿದವರೆಲ್ಲ ಹೆದರಿ ಹಗ್ಗ ಬಿಟ್ಟು ಇಳಿದರು.

ಆ ಹೊತ್ತಿಗೆ ಹಗ್ಗ ಹಿಡಿದು, ಕಾಲೂರಿ ನಿಂತವನು ನನ್ನ ತಮ್ಮ ಒಬ್ಬನೇ.

"ಏನೂ ತಪ್ಪಾಗಿಲ್ಲ!" ಎಂದು ನಮ್ಮ ಮುಖ ನೋಡಿ ಅರಚಿದ. ಅವನ ಪಾದ ಮಾಳಿಗೆಗೆ ಊರಿಕೊಂಡಿತು. ಹಗ್ಗ ಬಿಗಿಯಿತು. "ಅಕ್ಕಾ, ಆಕೀನ ಬಿಡು, ನಿನ್ನ ಇಳಸ್ತೀನಿ!"

"ಬಿಡಂಗಿಲ್ಲೊ," ಎಂದೆ. "ಇಳಸೂದಾದ್ರ ಇಬ್ಬರನ್ನೂ ಇಳಸು."

ಅವನು ಹುಸೇನವ್ವನನ್ನು ನೋಡಿದ. ಸಣ್ಣವನಿದ್ದಾಗ ಅವಳ ಹತ್ತಿಯ ರಾಶಿಯಲ್ಲೇ ಮಲಗಿ ಬೆಳೆದವನು. ಹಗ್ಗ ಅವನ ಮುಷ್ಟಿಯಲ್ಲಿ ಒಂದು ಗೇಣು ಜಾರಿತು. ನನ್ನ ಜೀವ ಬಾಯಿಗೆ ಬಂತು.

"ಯಾಕೊ ಶಿವಪ್ಪಾ," ಎಂದಳು ಹುಸೇನವ್ವ ಮೇಲಿನಿಂದ, ಮೆತ್ತಗೆ. "ಬಿಡ್ತೀ ಏನು?"

"ನಾವು ಬಿಡೂ ಮಂದಿ ಅಲ್ಲ ಹುಸೇನಕ್ಕಾ!" ಎಂದ ಅವನು, ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು. ಅಂದವನು ಅಲ್ಲೇ ತಡೆದ. ತನ್ನ ಕೈ ನೋಡಿದ. ನಮ್ಮನ್ನು ನೋಡಿದ. ಅವನ ಮುಖದಲ್ಲಿ ಏನೋ ಸಡಿಲವಾಯಿತು, ‘ತ...’ ಎಂದು ಏನೋ ಹೇಳಲು ಬಾಯಿ ತೆರೆದ. ನೋಡನೋಡುತ್ತ ಅವನ ಹಿಮ್ಮಡಿ ಮಾಳಿಗೆ ಬಿಡತೊಡಗಿತು.

"ಈಗ ಬ್ಯಾಡೊ ಶಿವ್ಯಾ!" ಎಂದು ನಾವಿಬ್ಬರೂ ಒಂದೇ ಬಾಯಿಯಿಂದ ಕಿರುಚಿದೆವು. "ಈಗ ಒಪ್ಪಬ್ಯಾಡೊ! ನಾವು ಇಳೀಲಿ ತಡಿ, ಆಮ್ಯಾಲೆ ಒಪ್ಪು!"